ಐಸಕ್ಕ ಮುಟ್ಟದ ಎಡಗಡೆ

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆ ಹೆರಿಗೆ ಆಸ್ಪತ್ರೆಯಲ್ಲಿ ಗೇಟು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರಮ್ಮನವರೆಗೆ ಎಲ್ಲರ ಬಾಯಲ್ಲೂ ಆಕೆ ಐಸಕ್ಕ. ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಒಂದು ಮುದಿ ಫ್ರಿಜ್ಜು. ಅದರಿಂದ ನಾಲ್ಕು ಐಸ್ ತುಂಡು ತೆಗೆದು ಸ್ಟೀಲ್ ಲೋಟಕ್ಕೆ ಹಾಕಿಕೊಂಡು ಆಕೆ ಟಣಟಣ ಸದ್ದು ಮಾಡುತ್ತ ಹೊರಟಳೆಂದರೆ, ಒಳಗೆ ಯಾರಿಗೋ ಸಿಜೇರಿಯನ್ನಿಗೆ ಬೆನ್ನಿನ ಇಂಜೆಕ್ಷನ್ ಆಗಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಇಂಜೆಕ್ಷನ್ ಕೊಟ್ಟರೆ ಎದೆಯಿಂದ ಕೆಳಗೆ ಮೈ ಮರಗಟ್ಟುತ್ತದೆ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಎಚ್ಚರವಾಗಿರುವವಳ ಹೊಟ್ಟೆ ಕೊಯ್ಯುವ ಮೊದಲು ಮರಗಟ್ಟಿದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕೇ ಐಸು. ನೋವು ಗೊತ್ತಾಗದ ಚರ್ಮಕ್ಕೆ ತಂಪೂ ಗೊತ್ತಾಗುವುದಿಲ್ಲ. ತೊಡೆಯ ಮೇಲಿಟ್ಟು, ಹೊಟ್ಟೆಯ ಮೇಲಿಟ್ಟು, ಎದೆಯ ಕೆಳಗಿಟ್ಟು, "ಇಲ್ಲಿ ತಣ್ಣಗಿದ್ಯಾ? ಇಲ್ಲಿ?" ಎಂದು ಕೇಳುತ್ತ ಹೋಗಬೇಕು. ಬಲಗಡೆ ಒಮ್ಮೆ, ಎಡಗಡೆ ಒಮ್ಮೆ. ಐಸಕ್ಕ ಮಾತ್ರ ಎರಡೂ ಕಡೆ ಮೂರು ಮೂರು ಸಲ ಇಡುವವಳು. ದೊಡ್ಡ ಡಾಕ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಗ್ಲೌಸ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು, "ಪೇಷೆಂಟಿಗೆ ನೆಗಡಿ ಆಗೋವರೆಗೂ ಬಿಡಲ್ವೇನ್ರೀ ನೀವು?" ಎಂದು ರೇಗಿದರೂ ಐಸಕ್ಕ ಜಪ್ಪಯ್ಯ ಎನ್ನುತ್ತಿರಲಿಲ್ಲ. ತನಗೇ ಸಮಾಧಾನವಾದ ಮೇಲೆ "ಆಯ್ತು" ಅನ್ನಬೇಕು, ಆಮೇಲೇ ಕತ್ತಿ.

ಮನೆಯಲ್ಲೂ ಅದೇ ಬುದ್ಧಿ. ಬಾಗಿಲು ಹಾಕಿದರೆ ಮೇಲಿನ ಚಿಲಕ, ಕೆಳಗಿನ ಚಿಲಕ, ಮತ್ತೆ ಮೇಲಿನ ಚಿಲಕ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಗಂಡ, "ನನ್ನ ಬಸ್ಸಲ್ಲಿ ನೀನಿದ್ದಿದ್ರೆ ಒಂದು ಸ್ಟಾಪಿಗೆ ಮೂರು ಸಲ ಸೀಟಿ ಊದ್ಬೇಕಿತ್ತು" ಎಂದು ಕಿಚಾಯಿಸುತ್ತಿದ್ದರು. ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್ ಹುಡುಗಿಯರಿಗಂತೂ ಮೊದಲ ದಿನದ ಪಾಠವೇ "ಐಸಕ್ಕನ ಥರ ನೋಡಿ". ಐಸಕ್ಕನ ನಿವೃತ್ತಿಗೆ ಹದಿನೆಂಟು ದಿನ ಬಾಕಿ ಇತ್ತು. ಆ ಲೋಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಥಿಯೇಟರಿನ ಗೋಡೆಗೆ ಹಾಕುತ್ತೇವೆ ಎಂದು ಹುಡುಗಿಯರು ಗುಸುಗುಸು ನಡೆಸಿದ್ದರು.

ಹೊಗಳಿದಾಗೆಲ್ಲ ಐಸಕ್ಕ ತಲೆ ತಗ್ಗಿಸುತ್ತಿದ್ದಳು. ಎಷ್ಟು ವಿನಯ ನೋಡಿ ಅಂದುಕೊಳ್ಳುತ್ತಿದ್ದರು ಜನ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಮುಖಕ್ಕೆ ಮುಖ ಕೊಡಲು ಆಗುತ್ತಿರಲಿಲ್ಲ, ಅಷ್ಟೇ. ಐದು ವರ್ಷದ ಹಿಂದಿನವರೆಗೂ ಆಕೆ ಐಸಕ್ಕ ಆಗಿರಲಿಲ್ಲ, ಎಲ್ಲರ ಹಾಗೆ ಒಬ್ಬ ಸಿಸ್ಟರ್ ಆಗಿದ್ದಳು. ಎಲ್ಲರ ಹಾಗೆಯೇ ಐಸ್ ಹಿಡಿಯುವ ಮೊದಲೇ ಫಾರಮ್ಮಿನಲ್ಲಿ ಟಿಕ್ ಹಾಕುತ್ತಿದ್ದಳು.

ಅದು ಆ ಥಿಯೇಟರಿನ ರೂಢಿ. ಫಾರಮ್ಮಿನಲ್ಲಿ ಎರಡು ಚೌಕ, ಒಂದು ಬಲಕ್ಕೆ, ಒಂದು ಎಡಕ್ಕೆ. ಐಸ್ ಹಿಡಿದರೆ ಕೈ ಒದ್ದೆ. ಒದ್ದೆ ಕೈಯಲ್ಲಿ ಪೆನ್ನು ಜಾರುತ್ತದೆ, ಕಾಗದ ಹರಿಯುತ್ತದೆ. ಅದಕ್ಕೇ ಒಣಗಿದ ಕೈಯಲ್ಲೇ ಮೊದಲು ಎರಡೂ ಟಿಕ್ ಹಾಕಿಟ್ಟು, ಆಮೇಲೆ ಐಸ್ ಎತ್ತಿಕೊಳ್ಳುವುದು. ಹೇಗೂ ನೋಡಿಯೇ ನೋಡುತ್ತೇವಲ್ಲ!

ಐದು ವರ್ಷದ ಹಿಂದೆ ಒಂದು ದಿನ ಬಂದವಳು ಚೊಚ್ಚಲ ಬಸುರಿ, ಹೊಲಿಗೆ ಕೆಲಸದವಳು. ಹೆರಿಗೆ ನೋವಿನಲ್ಲಿ ಕೂರಲು ಆಗದ್ದರಿಂದ ಬಲಮಗ್ಗುಲಿಗೆ ಮಲಗಿಸಿ ಬೆನ್ನಿಗೆ ಮದ್ದು ಕೊಟ್ಟರು. ಆ ಮದ್ದು ಭಾರದ್ದು, ಬೆನ್ನಿನ ನೀರಿನಲ್ಲಿ ಕೆಳಗಿರುವ ಕಡೆಗೆ ಇಳಿಯುತ್ತದೆ. ಬಲಗಡೆ ಬೇಗ ಮರಗಟ್ಟುತ್ತದೆ, ಎಡಗಡೆ ತಡ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯ, ಆಕೆಗೂ. ಬಲಗಡೆ ಐಸ್ ಇಟ್ಟಳು. ಗೊತ್ತಾಗುತ್ತಿಲ್ಲ ಎಂದಳು ಹುಡುಗಿ. ಎಡಕ್ಕೆ ತಿರುಗುವಷ್ಟರಲ್ಲಿ ಅವಸರದಲ್ಲಿ ಯಾರೋ ಆ ಕಡೆ ಹಸಿರು ಬಟ್ಟೆ ಹೊದಿಸಿಬಿಟ್ಟಿದ್ದರು. ಬಟ್ಟೆ ಎತ್ತಿದರೆ ಮತ್ತೆ ಎಲ್ಲ ಹೊಸದಾಗಿ ಹಾಸಬೇಕು, ದೊಡ್ಡ ಡಾಕ್ಟರಮ್ಮ ಹಾರಾಡುತ್ತಾರೆ. "ಆಯ್ತಾ?" ಎಂದು ಅವರು ಕೇಳಿಯೂ ಆಗಿತ್ತು.

"ಆಯ್ತು" ಅಂದಳು.

ಡಾಕ್ಟರಮ್ಮ ಚಿಮಟದಿಂದ ಚಿವುಟಿ ನೋಡಿದ್ದೂ ತಮ್ಮ ಕೈಗೆ ಹತ್ತಿರದ ಬಲಗಡೆಯನ್ನೇ. ಕತ್ತಿ ಬಲದಿಂದ ಎಡಕ್ಕೆ ಹೋಗುವಾಗ ಹುಡುಗಿ ಕಿರುಚಿಕೊಂಡಳು. "ಎಡಗಡೆ! ನೋವು! ಎಡಗಡೆ!" ಬೆನ್ನಿಗೆ ಮದ್ದು ಕೊಟ್ಟು ತಲೆಯ ಹತ್ತಿರ ನಿಂತಿದ್ದ ಸೂಜಿ ಡಾಕ್ಟರು ಫಾರಮ್ ನೋಡಿದರು, ಆಮೇಲೆ ಐಸ್ ಹಿಡಿದಿದ್ದ ಸಿಸ್ಟರನ್ನು ನೋಡಿದರು. ಆಗ ಅವರು ಹೊಸಬರು, ಆಕೆಯನ್ನು ಬಾಯಿ ತುಂಬ ಅಕ್ಕ ಎಂದು ಕರೆಯುತ್ತಿದ್ದರು.

"ಅಕ್ಕಾ, ಎರಡೂ ಕಡೆ ನೋಡಿದ್ರಲ್ವಾ?"

ಕೈಯಲ್ಲಿದ್ದ ಐಸು ಕರಗಿ ಮೊಣಕೈಗೆ ಇಳಿಯುತ್ತಿತ್ತು. ಎರಡು ಟಿಕ್ಕು ಕಣ್ಣೆದುರಿಗಿತ್ತು.

"ಹೂಂ" ಅಂದಳು.

ಆ "ಹೂಂ" ನಂಬಿ ಡಾಕ್ಟರು ಹುಡುಗಿಗೆ, "ಎಳೆದ ಹಾಗೆ ಆಗುತ್ತಮ್ಮಾ, ಅದು ನೋವಲ್ಲ, ಭಯ" ಅಂದರು. ಅವಳು ಅಳುತ್ತ ಅಳುತ್ತ ಮತ್ತೆರಡು ಸಲ ಹೇಳಿದಳು. ಮಂಪರು ಬರುವ ಮದ್ದು ಕೊಟ್ಟರು. ಅಷ್ಟು ಹೊತ್ತಿಗೆ ಎಡಗಡೆಯೂ ತಾನಾಗಿ ಮರಗಟ್ಟಿತು, ಹುಡುಗಿ ಸುಮ್ಮನಾದಳು, ಹೆಣ್ಣು ಮಗು ಅತ್ತಿತು. ನೋಡಿದಿರಾ, ಭಯವೇ ಆಗಿತ್ತು ಎಂದು ಎಲ್ಲರಿಗೂ ಸಮಾಧಾನವಾಯಿತು. ಫೈಲಿನಲ್ಲಿ ಡಾಕ್ಟರು ಬರೆದರು: ಎರಡೂ ಕಡೆ ಸರಿಯಾಗಿ ಮರಗಟ್ಟಿತ್ತು, ರೋಗಿ ಗಾಬರಿ ಸ್ವಭಾವದವರು.

ಮಾರನೆಯ ದಿನದಿಂದ ಆಕೆ ಎರಡೂ ಕಡೆ ಮೂರು ಮೂರು ಸಲ ಐಸ್ ಇಡತೊಡಗಿದಳು. ಸಾವಿರಾರು ಹೊಟ್ಟೆಗೆ ಇಟ್ಟಳು. ಆ ಒಂದು ಎಡಗಡೆಗೆ ಮಾತ್ರ ಈಗ ಇಡುವ ಹಾಗಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡದ್ದು ವಾರವಾಯಿತು, ವಾರ ವರ್ಷವಾಯಿತು. ಗಂಡನಿಗೂ ಹೇಳಲಿಲ್ಲ.

ನಿವೃತ್ತಿಗೆ ಹದಿನೆಂಟು ದಿನ ಇದ್ದ ಆ ಬೆಳಗ್ಗೆ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಫ್ಲಾಸ್ಕ್ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಎರಡು ಜಡೆಯ ಐದು ವರ್ಷದ ಮೊಮ್ಮಗಳು. ಅಜ್ಜಿಯದು ಭಾರಿ ಬಾಯಿ. ಪಕ್ಕ ಕೂತವರಿಗೆಲ್ಲ ಮಾತಿನ ಉಪಚಾರ ನಡೆದಿತ್ತು.

"ನನ್ ಸೊಸೆ ಒಳಗಿದ್ದಾಳೆ. ಬಂಗಾರದಂಥವಳು, ಕೈಯಲ್ಲಿ ಕಲೆ ಇದೆ. ಆದ್ರೆ ಗಾಬರಿ ಜಾಸ್ತಿ ಮಾರಾಯ್ತಿ. ಇವಳು ಹುಟ್ಟುವಾಗ ನೋವೇ ಇಲ್ದೆ ಆಸ್ಪತ್ರೆ ಸೂರು ಹಾರಿಹೋಗೋ ಹಾಗೆ ಕಿರುಚಿದ್ಲಂತೆ! ಡಾಕ್ಟರೇ ಹೇಳಿದ್ರು, ಬರೀ ಭಯ ಅಂತ. ಪುಟ್ಟಿ, ಅಮ್ಮ ಹೇಗೆ ಕಿರುಚಿದ್ಲು, ತೋರಿಸು ನೋಡೋಣ."

ಹುಡುಗಿ ಬೆಂಚಿನಿಂದ ಜಿಗಿದು, ಹೊಟ್ಟೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, "ಎಡಗಡೇ! ಎಡಗಡೇ!" ಎಂದು ಕೂಗಿದಳು. ಬೆಂಚಿನವರೆಲ್ಲ ನಕ್ಕರು. ಹುಟ್ಟುಹಬ್ಬಕ್ಕೆ, ನೆಂಟರು ಬಂದಾಗ, ಎಷ್ಟೋ ಸಲ ಮಾಡಿ ಪಳಗಿದ ಆಟ ಅದು ಎಂದು ನೋಡಿದರೇ ಗೊತ್ತಾಗುತ್ತಿತ್ತು.

ವಾರ್ಡಿಗೆ ಹೊರಟಿದ್ದ ಐಸಕ್ಕ ಅಲ್ಲೇ ನಿಂತಳು. ಒಂದು ಸುಳ್ಳು ಹೇಳಿ ಫೈಲಿನಲ್ಲಿ ಬಿಟ್ಟು ಬಂದಿದ್ದೇನೆ, ಅದು ಅಲ್ಲೇ ಧೂಳು ಹಿಡಿದು ಬಿದ್ದಿದೆ ಅಂದುಕೊಂಡಿದ್ದಳು. ಅದು ಒಂದು ಮನೆಗೆ ಹೋಗಿ, ಅಲ್ಲಿ ಉಂಡು ಬೆಳೆದು, ಎರಡು ಜಡೆ ಹಾಕಿಕೊಂಡು ಕುಣಿಯುತ್ತಿತ್ತು.

ಒಳಗೆ ಹೊಲಿಗೆಯವಳು ಹೆರಿಗೆ ನೋವಿನಲ್ಲಿ ಮಂಚದ ಸರಳು ಹಿಡಿದು ಕೂತಿದ್ದಳು. ಐಸಕ್ಕನ ಗುರುತು ಅವಳಿಗೆ ಹತ್ತಲಿಲ್ಲ. ಆವತ್ತು ಎಲ್ಲರ ಮುಖಕ್ಕೂ ಮಾಸ್ಕ್ ಇತ್ತಲ್ಲ. ನೋವು ಕಡಿಮೆ ಮಾಡಲು ಸೊಂಟಕ್ಕೆ ಸಣ್ಣ ನಳಿಕೆ ಹಾಕುತ್ತೇವೆ ಎಂದರೆ ಬೇಡವೇ ಬೇಡ ಎಂದಿದ್ದಳು. ಉಸಿರಿಗೆ ಎಳೆದುಕೊಂಡರೆ ನೋವು ಮಂದವಾಗುವ ಗ್ಯಾಸಿನ ಮಾಸ್ಕ್ ಮಾತ್ರ ತೆಗೆದುಕೊಂಡಿದ್ದಳು. ಅದನ್ನು ತಾಯಿಯೇ ಹಿಡಿದುಕೊಳ್ಳಬೇಕು, ಬೇರೆಯವರು ಮುಖಕ್ಕೆ ಒತ್ತುವಂತಿಲ್ಲ, ಅಮಲು ಜಾಸ್ತಿಯಾದರೆ ಕೈ ತಾನಾಗಿ ಕೆಳಗೆ ಬೀಳಲಿ ಎಂದು. ಐಸಕ್ಕ ಅದನ್ನು ವಿವರಿಸಿದಾಗ ಅವಳು, "ಇದು ಒಳ್ಳೇದು ಸಿಸ್ಟರ್, ನನ್ ಕೈಯಲ್ಲೇ ಇರುತ್ತೆ" ಎಂದಿದ್ದಳು.

ಹನ್ನೊಂದು ಗಂಟೆಯ ಹೊತ್ತಿಗೆ ಮಗು ಕೆಳಗೆ ಬರುತ್ತಿಲ್ಲ ಎಂದು ಗೊತ್ತಾಯಿತು. ಪ್ರತಿ ನೋವಿಗೂ ಅದರ ಎದೆಬಡಿತ ಇಳಿಯುತ್ತಿತ್ತು. ಅರ್ಧ ಗಂಟೆ ಕಾಯಬಹುದು, ಅದಕ್ಕಿಂತ ಹೆಚ್ಚಿಲ್ಲ, ಸಿಜೇರಿಯನ್ನೇ ಗತಿ ಎಂದರು ದೊಡ್ಡ ಡಾಕ್ಟರಮ್ಮ. ಒಪ್ಪಿಗೆಯ ಕಾಗದ ಹಿಡಿದು ಸೂಜಿ ಡಾಕ್ಟರು ಬಂದರು, ಅಜ್ಜಿಯನ್ನೂ ಒಳಗೆ ಕರೆಸಿದರು. ಗಂಡ ಲಾರಿ ಓಡಿಸುವವನು, ಇನ್ನೂ ದಾರಿಯಲ್ಲಿದ್ದ.

"ಆಪರೇಷನ್ ಮಾಡಿ, ಬೇಡ ಅನ್ನಲ್ಲ" ಎಂದಳು ಹೊಲಿಗೆಯವಳು. "ಆದ್ರೆ ನನ್ನ ಪೂರ್ತಿ ಮಲಗಿಸಿಬಿಡಿ. ಎಚ್ಚರ ಇಟ್ಟು ಕೊಯ್ಯೋದಾದ್ರೆ ನನ್ನ ಮುಟ್ಟಬೇಡಿ."

"ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿಂದಿದ್ದೀರಿ. ನಿಮ್ಮ ಬಾಯಿ ಬೇರೆ ಎರಡು ಬೆರಳಿನಷ್ಟೂ ತೆರೆಯಲ್ಲ. ಪೂರ್ತಿ ಮಲಗಿಸಿದ್ರೆ ತಿಂದಿದ್ದು ಉಸಿರಿನ ದಾರಿಗೆ ಹೋಗಬಹುದು, ನಾನು ಉಸಿರಿನ ಕೊಳವೆ ಹಾಕೋದೂ ಕಷ್ಟ. ನಿಮ್ಮ ಜೀವಕ್ಕೇ ಅಪಾಯ. ಬೆನ್ನಿನ ಇಂಜೆಕ್ಷನ್ನೇ ಒಳ್ಳೇದು."

"ಹೋದ ಸಲಾನೂ ಒಳ್ಳೇದೇ ಅಂದಿದ್ರಿ."

ಡಾಕ್ಟರು ಹಳೆಯ ಫೈಲು ತಿರುವಿದರು. ಅವಳ ಮುಖ ಅವರಿಗೆ ನೆನಪಿರಲಿಲ್ಲ, ಅಕ್ಷರ ಮಾತ್ರ ತಮ್ಮದೇ. "ನೋಡಿ, ಎರಡೂ ಕಡೆ ಸರಿಯಾಗಿ ಆಗಿತ್ತು ಅಂತ ಬರೆದಿದೆ. ನಾನೇ ಬರೆದಿದ್ದು. ನಿಮಗೆ ಸ್ವಲ್ಪ ಸೂಜಿ ಭಯ, ಅಷ್ಟೇ."

"ಸೂಜಿ ಭಯಾನಾ?" ಅವಳು ತೋರುಬೆರಳು ಎತ್ತಿ ಹಿಡಿದಳು. ತುದಿ ತುಂಬ ಚುಚ್ಚಿದ ಗುರುತು. "ದಿನಾ ಚುಚ್ಚಿಸ್ಕೊಳ್ತೀನಿ ಡಾಕ್ಟ್ರೇ. ನಂಗಿರೋದು ಸೂಜಿ ಭಯ ಅಲ್ಲ. ನಾನು ನೋವು ಅಂದ್ರೆ ನೀವೆಲ್ಲ ಸೇರಿ ನೋವಲ್ಲ ಅಂತೀರಲ್ಲ, ಆ ಭಯ."

"ಮಗೂ ಮುಖ ನೋಡಿ ಒಪ್ಕೊಳೇ ತಾಯಿ" ಎಂದು ಅತ್ತೆ ಅವಳ ಗಲ್ಲ ಹಿಡಿದಳು. "ಆವತ್ತೂ ಏನೂ ಆಗಿರ್ಲಿಲ್ಲ, ಈವತ್ತೂ ಏನೂ ಆಗಲ್ಲ."

ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು.

ಐಸ್ ತರುತ್ತೇನೆಂದು ಐಸಕ್ಕ ಹೊರಗೆ ಬಂದಳು. ಫ್ರಿಜ್ಜಿನ ಬಾಗಿಲು ತೆಗೆದು ನಿಂತವಳು ನಿಂತೇ ಇದ್ದಳು. ಮನಸ್ಸು ಏನೇನೋ ಹೇಳಿತು. ಹದಿನೆಂಟೇ ದಿನ. ಡಾಕ್ಟರು ಹೇಗಾದರೂ ಒಪ್ಪಿಸುತ್ತಾರೆ. ಈ ಸಲ ನಾನೇ ಇಪ್ಪತ್ತು ಸಲ ಐಸ್ ಇಟ್ಟು ನೋಡುತ್ತೇನೆ, ಕೂದಲು ಕೊಂಕದ ಹಾಗೆ ನೋಡಿಕೊಳ್ಳುತ್ತೇನೆ, ಹಳೆಯದನ್ನು ಕೆದಕಿ ಯಾರಿಗೆ ಏನು ಸಿಗುತ್ತದೆ? ಇಷ್ಟು ಯೋಚನೆ ಮಾಡುವ ಹೊತ್ತಿಗೆ ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಬಟ್ಟೆ ಎತ್ತಿದರೆ ಬೈಯುತ್ತಾರೆ ಎಂದು ಅಂದು ಸುಮ್ಮನಾದವಳು ಇಂದೂ ಅದೇ ಕಾರಣಕ್ಕೆ ಸುಮ್ಮನಾಗುತ್ತಿದ್ದಾಳೆ. ಆಚೆ ಒಂದು ಮಗುವಿನ ಎದೆಬಡಿತ ಇಳಿಯುತ್ತಿದೆ. ಆ ತಾಯಿ ಯಾರನ್ನೂ ನಂಬದಿರುವುದಕ್ಕೆ ಕಾರಣ ಡಾಕ್ಟರಲ್ಲ, ಸೂಜಿಯಲ್ಲ, ತಾನು.

ಲೋಟ ಹಿಡಿದು ಒಳಗೆ ಬಂದು ಮಂಚದ ಪಕ್ಕ ನಿಂತಳು. ತನ್ನ ಮುಖದ ಮಾಸ್ಕ್ ಕೆಳಗೆ ಎಳೆದಳು.

"ನೋಡಮ್ಮಾ, ಹೋದ ಸಲ ನಿಂಗೆ ಐಸ್ ಇಟ್ಟವಳು ನಾನೇ. ಬಲಗಡೆ ಮಾತ್ರ ಇಟ್ಟಿದ್ದೆ. ಎಡಗಡೆ ಮುಟ್ಟಿರ್ಲೇ ಇಲ್ಲ. ಮೊದ್ಲೇ ಟಿಕ್ ಹಾಕ್ಬಿಟ್ಟಿದ್ದೆ. ನೀನು ಕೂಗಿದಾಗ ಡಾಕ್ಟ್ರು ಕೇಳಿದ್ರು, ನೋಡಿದೀನಿ ಅಂತ ಸುಳ್ಳು ಹೇಳ್ದೆ. ನಿಂಗೆ ಎಡಗಡೆ ಮರಗಟ್ಟಿರ್ಲಿಲ್ಲ. ನೀನು ಹೇಳಿದ್ದೆಲ್ಲ ನಿಜ."

ಮಗುವಿನ ಎದೆಬಡಿತದ ಯಂತ್ರ ಟುಕ್ ಟುಕ್ ಎನ್ನುತ್ತಿತ್ತು. ಸೂಜಿ ಡಾಕ್ಟರ ಮುಖದಲ್ಲಿ ರಕ್ತ ಇರಲಿಲ್ಲ. "ಅಕ್ಕಾ" ಎಂದರು. ಹಳೆಯ ಫೈಲಿನ ಎರಡು ಟಿಕ್ಕನ್ನು ಮತ್ತೆ ನೋಡಿದರು.

ಹೊಲಿಗೆಯವಳು ಮೆಲ್ಲಗೆ ಈ ಕಡೆ ತಿರುಗಿದಳು. ಐಸಕ್ಕನನ್ನು ನೋಡಲಿಲ್ಲ. ಅತ್ತೆಯನ್ನು ನೋಡಿದಳು.

"ಕೇಳಿಸ್ತಾ ಅತ್ತೆ?"

ಅಜ್ಜಿ ಫ್ಲಾಸ್ಕನ್ನು ಎದೆಗೊತ್ತಿಕೊಂಡು ಹೌದೆಂದು ತಲೆ ಆಡಿಸಿದಳು.

ಒಂದು ನೋವು ಬಂದು ಹೋಯಿತು. ಹೊಲಿಗೆಯವಳು ಉಸಿರು ಹಿಡಿದು ಬಿಟ್ಟು, ಕೈ ಚಾಚಿದಳು. "ಆ ಲೋಟ ಕೊಡಿ."

"ಏನಕ್ಕಮ್ಮಾ?"

"ಇಂಜೆಕ್ಷನ್ ತಗೋತೀನಿ. ಆದ್ರೆ ಐಸ್ ನಾನೇ ಇಟ್ಕೋತೀನಿ. ಆಗಿದ್ಯೋ ಇಲ್ವೋ ನಾನೇ ಹೇಳ್ತೀನಿ. ನಿಮ್ಮ ಕೈ ಬೇಡ."

ಡಾಕ್ಟರು ಹೂಂಗುಟ್ಟಿದರು. ಇಂಜೆಕ್ಷನ್ ಆಗಿ ಮಲಗಿಸಿದ ಮೇಲೆ ಅವಳು ಐಸ್ ತುಂಡನ್ನು ತನ್ನ ಎಡಪಕ್ಕೆಗೆ ತಾನೇ ಒತ್ತಿಕೊಂಡಳು. ಕೈಗೆ ಎಟುಕದ ತೊಡೆಗೆ ಡಾಕ್ಟರು ಅವಳು ಹೇಳಿದಲ್ಲಿ ಇಟ್ಟರು. ಐಸಕ್ಕ ಎರಡು ಹೆಜ್ಜೆ ಹಿಂದೆ, ಖಾಲಿ ಕೈಯಲ್ಲಿ ನಿಂತಿದ್ದಳು. ದೊಡ್ಡ ಡಾಕ್ಟರಮ್ಮ ಕೈ ಕಟ್ಟಿಕೊಂಡು ಗೋಡೆ ಗಡಿಯಾರ ನೋಡುತ್ತಿದ್ದರು.

"ಇನ್ನೂ ತಣ್ಣಗಿದೆ."

ಕಾದರು.

"ಸ್ವಲ್ಪ ತಣ್ಣಗಿದೆ. ಇನ್ನೂ ಇಲ್ಲ."

ಕಾದರು. ನಾಲ್ಕು ನಿಮಿಷ ಆಗಿತ್ತೋ ಏನೋ. ಐದು ವರ್ಷದ ಕೆಳಗೆ ಬೇಕಿದ್ದದ್ದೂ ಇಷ್ಟೇ ಹೊತ್ತು ಎಂದು ಐಸಕ್ಕನಿಗೆ ಹೊಳೆಯಿತು.

"ಈಗ ಗೊತ್ತಾಗ್ತಿಲ್ಲ" ಎಂದಳು ಹೊಲಿಗೆಯವಳು. ಮತ್ತೆ ಬಲಗಡೆ, ಮತ್ತೆ ಎಡಗಡೆ ಒತ್ತಿ ನೋಡಿಕೊಂಡು, "ಆಯ್ತು, ಶುರು ಮಾಡಿ" ಎಂದಳು. ಗಂಡು ಮಗು, ಮೊದಲು ಸ್ವಲ್ಪ ಸಪ್ಪಗಿತ್ತು, ಬೆನ್ನುಜ್ಜಿದ ಮೇಲೆ ಗಟ್ಟಿಯಾಗಿ ಅತ್ತಿತು. ತಾಯಿ ಒಮ್ಮೆಯೂ ಕಿರುಚಲಿಲ್ಲ. ಕಿರುಚುವುದಕ್ಕೆ ಏನೂ ಇರಲಿಲ್ಲ.

ಆವತ್ತೇ ಮಧ್ಯಾಹ್ನ ಐಸಕ್ಕ ನಡೆದದ್ದನ್ನೆಲ್ಲ ಎರಡು ಪುಟ ಬರೆದು ಸಹಿ ಹಾಕಿ ದೊಡ್ಡ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. ವಿಚಾರಣೆ ಆಗುತ್ತದೆ ಎಂದರು ಅವರು. ಹಳೆಯ ಫೈಲಿನ "ಗಾಬರಿ ಸ್ವಭಾವ" ಎಂಬ ಸಾಲಿನ ಮೇಲೆ ಸೂಜಿ ಡಾಕ್ಟರು ಗೆರೆ ಎಳೆದು ಪಕ್ಕದಲ್ಲಿ ತಮ್ಮ ಹೆಸರು ಬರೆದರು. "ನಾನೂ ಒಂದ್ಸಲ ಇಟ್ಟು ನೋಡ್ಬಹುದಿತ್ತು" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದರು. ಅಕ್ಕಾ ಎನ್ನಲಿಲ್ಲ. ಗಾಜಿನ ಪೆಟ್ಟಿಗೆಯ ಗುಸುಗುಸು ನಿಂತುಹೋಯಿತು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವರು, "ಅದಕ್ಕೇನಾ ಮೂರು ಮೂರು ಸಲ ಚಿಲಕ" ಎಂದರು. ಕಿಚಾಯಿಸಲಿಲ್ಲ.

ಮಾರನೆಯ ದಿನ ಐಸಕ್ಕ ವಾರ್ಡಿಗೆ ಹೋದಳು. ಹೊಲಿಗೆಯವಳು ದಿಂಬಿಗೆ ಒರಗಿ ಕೂತಿದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಅಜ್ಜಿ ಬಟ್ಟೆ ಮಡಚುತ್ತಿದ್ದಳು, ಹುಡುಗಿ ಮಂಚದ ತುದಿಯಲ್ಲಿ ಕಾಲಾಡಿಸುತ್ತಿದ್ದಳು.

"ಕ್ಷಮಿಸು ಅಂತ ಕೇಳೋಕೆ ಬಂದೆ" ಎಂದಳು ಐಸಕ್ಕ. "ಕೇಳೋಕೂ ನಂಗೆ ಮುಖ ಇಲ್ಲ."

"ನಂಗೇನೂ ಹೇಳ್ಬೇಡಿ ಸಿಸ್ಟರ್. ನಂಗೆ ಮೊದ್ಲಿಂದ್ಲೂ ಗೊತ್ತಿತ್ತಲ್ಲ." ಅವಳು ಮಗಳ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವಳಿಗೆ ಹೇಳಿ. ಪುಟ್ಟಿ, ನೀನು ಹುಟ್ಟುವಾಗ ಈ ಸಿಸ್ಟರ್ ಅಲ್ಲೇ ಇದ್ರು."

ಹುಡುಗಿಯ ಕಣ್ಣು ಅರಳಿತು. ಹೊಸ ಪ್ರೇಕ್ಷಕರು ಸಿಕ್ಕರೆಂದು ಮಂಚದಿಂದ ಜಿಗಿದು ಹೊಟ್ಟೆ ಹಿಡಿದುಕೊಂಡಳು. "ಬೇಡ ಪುಟ್ಟಿ" ಎಂದಳು ಅಜ್ಜಿ. ಅಷ್ಟು ಮೆಲ್ಲಗೆ ಅಜ್ಜಿ ಮಾತಾಡಿದ್ದನ್ನು ಹುಡುಗಿ ಎಂದೂ ಕೇಳಿರಲಿಲ್ಲ, ಅಲ್ಲಿಗೇ ನಿಂತಳು.

ಐಸಕ್ಕ ಸ್ಟೂಲಿನ ಮೇಲೆ ಕೂತಳು. "ನಿಮ್ಮಮ್ಮ ಸುಮ್ ಸುಮ್ನೆ ಕಿರುಚಲಿಲ್ಲ ಪುಟ್ಟಿ. ಅವಳಿಗೆ ನಿಜವಾಗ್ಲೂ ನೋವಾಗಿತ್ತು. ನೋವಾಗುತ್ತಾ ಅಂತ ನಾನು ಮೊದ್ಲೇ ನೋಡ್ಬೇಕಿತ್ತು. ನೋಡಿರ್ಲಿಲ್ಲ."

"ತುಂಬಾ ನೋವಾಯ್ತಾ?"

"ತುಂಬಾ."

"ನಿಮಗೆ ಹೇಳಿದ್ಲಾ?"

"ಹೇಳಿದ್ಲು. ಮೂರು ಸಲ ಹೇಳಿದ್ಲು."

"ಮತ್ತೆ ನೀವೇನ್ ಮಾಡಿದ್ರಿ?"

ಐಸಕ್ಕ ತಾಯಿಯ ಕಡೆ ನೋಡಿದಳು. ತಾಯಿ ಸಹಾಯಕ್ಕೆ ಬರಲಿಲ್ಲ.

"ಏನೂ ಮಾಡ್ಲಿಲ್ಲ, ಪುಟ್ಟಿ."

ಹುಡುಗಿ ಆಕೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಂಚ ಹತ್ತಿ ಅಮ್ಮನ ಪಕ್ಕಕ್ಕೆ ತೆವಳಿ, "ಯಾವ ಕಡೆ?" ಎಂದು ಕೇಳಿದಳು. ಅಮ್ಮ ತೋರಿಸಿದಳು. ಹುಡುಗಿ ಹೊದಿಕೆಯ ಮೇಲೆಯೇ, ಒತ್ತದೆ, ಅಲ್ಲಿ ಕೈ ಇಟ್ಟಳು.